ಅಕ್ಕಡಿ ದ್ರಾಕ್ಷಿ

ಓಬಯ್ಯ ಸತ್ತ ನಾಲ್ಕನೇ ವರ್ಷಕ್ಕೆ, ಅವನು ನೆಟ್ಟ ಬಳ್ಳಿಯ ಹಣ್ಣು ವೈನಾಗಿ, ಸೀಸೆಯೊಳಗೆ ಕೂತು, ನನ್ನಿವಾಳದ ತೋಟಕ್ಕೆ ವಾಪಸು ಬಂತು. ಎರಡು ಸಾವಿರದ ಐದನೇ ಇಸವಿ, ಆರಿದ್ರ ಮಳೆ ನಾಲ್ಕು ಹನಿ ಉದುರಿಸಿ ಸುಮ್ಮನಾದ ಕಾಲ. ತೋಟದ ಸಾವ್ಕಾರ್ ಮುರುಗೇಂದ್ರಪ್ಪನವರ ತಮ್ಮನ ಮಗಳು ದೀಪಿಕಾ ಎರಡು ಸೀಸೆಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಜೀಪಿನಿಂದ ಇಳಿದಳು. ಸೀಸೆಗೆ ಇನ್ನೂ ಚೀಟಿ ಅಂಟಿಸಿರಲಿಲ್ಲ. ದೊಡ್ಡಮ್ಮ ಸರ್ವಮಂಗಳಮ್ಮ ತೋಟದ ಮನೆಯ ಬಾಗಿಲಲ್ಲೇ ಅಡ್ಡ ನಿಂತು, ಲಿಂಗಪೂಜೆ ನಡೆಯುವ ಮನೆಯೊಳಗೆ ಅದು ಬರಬಾರದು, ಬೇರೆ ಎಲ್ಲಾದರೂ ಇಟ್ಟುಕೋ ಎಂದರು. ದೀಪಿಕಾ ಮಾತು ಬೆಳೆಸದೆ ಹೋಗಿ ಬೋರಿನ ಮೋಟಾರು ಮನೆಯ ಗೂಡಿನಲ್ಲಿ ಇಟ್ಟು ಬಂದಳು.

ಪಾಪಕ್ಕ ಬಳ್ಳಿ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದಳು. ಕುಡುಗೋಲು ಕೈಯಲ್ಲೇ ಇತ್ತು, ಕಳೆ ಕಾಲ ಕೆಳಗೇ ಇತ್ತು, ಕಣ್ಣು ಮಾತ್ರ ಟವೆಲ್ಲಿನ ಹಿಂದೆ ಮೋಟಾರು ಮನೆಯವರೆಗೂ ಹೋಯಿತು. ಅವಳು ಓಬಯ್ಯನ ಹೆಂಡತಿ. ಈ ವೈನು ಹೆಂಗೈತೆ ಅಂತ ತಿಳಿಯಬೇಕೆಂಬ ಆಸೆ ಅವಳಿಗೆ ಊಟದ ಹಸಿವಿಗಿಂತ ಹೆಚ್ಚಾಗಿತ್ತು. ಆದರೆ ಅವರ ಹಟ್ಟಿಯ ಮಂದಿ ಹೆಂಡ ಮುಟ್ಟುವವರಲ್ಲ. ಈಚಲ ಮರದ ನೆರಳಿಗೂ ಹೋಗುವವರಲ್ಲ, ಕುರಿ ಬಾಡು ತಿಂದರೂ ಕೋಳಿ ತಿನ್ನುವವರಲ್ಲ. ಅಜ್ಜಂದಿರ ಕಾಲದಿಂದ ಬಂದ ಕಟ್ಟು. ಅರವತ್ತು ದಾಟಿದ ಪಾಪಕ್ಕನ ನಾಲಿಗೆಗೆ ಒಂದು ಹನಿ ಹೆಂಡ ಬಿದ್ದಿರಲಿಲ್ಲ. ಓಬಯ್ಯನ ನಾಲಿಗೆಗೂ ಬೀಳಲಿಲ್ಲ, ಬೀಳದೇ ಮಣ್ಣಾದ.

ಹಿಂದಿನದನ್ನು ಸ್ವಲ್ಪ ಹೇಳಬೇಕು.

ಮುರುಗೇಂದ್ರಪ್ಪನವರದು ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಗಿರಣಿ. ಪಾಮಾಯಿಲ್ ಪ್ಯಾಕೆಟ್ಟು ಊರೂರಿಗೆ ನುಗ್ಗಿದ ಮೇಲೆ ಗಿರಣಿ ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು. ಅವರು ನಾಸಿಕದ ಕಡೆ ಓಡಾಡಿ ಬಂದು, ನನ್ನಿವಾಳದ ಕೆಂಪು ಹೊಲದಲ್ಲಿ ಬೋರು ಕೊರೆಸಿ, ವೈನ್ ದ್ರಾಕ್ಷಿ ಹಾಕುವುದೆಂದು ತೀರ್ಮಾನ ಮಾಡಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಹೆಂಡದ ಹಣ್ಣು ಬೆಳೆಯೋದಾ ಎಂದು ಸರ್ವಮಂಗಳಮ್ಮ ಮೂರು ದಿನ ಮಾತು ಬಿಟ್ಟರಂತೆ. ನಾನು ಬೆಳೆಯೋದು ಹಣ್ಣು, ಹಿಂಡೋರು ಬೇರೆಯವರು ಎಂದು ಸಾವ್ಕಾರ್ರು ಸಮಾಧಾನ ಹೇಳಿದರಂತೆ.

ತೊಂಬತ್ತೆಂಟರ ಮಳೆಗಾಲದಲ್ಲಿ ಸಸಿ ಬಂದವು. ಒದ್ದೆ ಗೋಣಿಯಲ್ಲಿ ಸುತ್ತಿದ ಕಟ್ಟುಗಳು, ಎರಡು ಜಾತಿ. ಒಂದು ಜಾತಿಯದು ಬಹಳ, ಇನ್ನೊಂದು ಜಾತಿಯದು ಅದರ ಕಾಲು ಭಾಗ. ಅದೇ ಹೊತ್ತಿಗೆ ಸಾವ್ಕಾರ್ರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ದಾವಣಗೆರೆಗೆ ಹೋದರು. ಹೋಗುವಾಗ, ಬೇರು ಒಣಗದಂತೆ ಬೇಗ ನೆಡಿಸು ಎಂದು ಓಬಯ್ಯನಿಗೆ ಹೇಳಿ ಹೋದರು. ಎರಡು ಜಾತಿಯನ್ನು ಬೇರೆ ಬೇರೆ ನೆಡಬೇಕೆಂದು ಹೇಳುವುದು ಅವರಿಗೆ ಹೊಳೆಯಲಿಲ್ಲ, ಅದು ಹೇಳುವ ಮಾತೇ ಅಲ್ಲವೆಂದುಕೊಂಡಿದ್ದರು. ಕೇಳಬೇಕೆಂದು ಓಬಯ್ಯನಿಗೂ ಹೊಳೆಯಲಿಲ್ಲ. ಅವನು ಹುಟ್ಟಿದಾಗಿನಿಂದ ಮಳೆಯ ಹೊಲ ಕಂಡವನು. ಶೇಂಗಾ ಬಿತ್ತಿದರೆ ನಡುನಡುವೆ ತೊಗರಿಯದೊಂದು ಸಾಲು, ಅಲಸಂದೆಯದೊಂದು ಸಾಲು ಬಿತ್ತಲೇಬೇಕು. ಅದಕ್ಕೆ ಅಕ್ಕಡಿ ಅನ್ನುತ್ತಾರೆ. ಅಕ್ಕಡಿಯಿಲ್ಲದ ಹೊಲ ಅವನ ಕಣ್ಣಿಗೆ ಬೋಳು ಹಣೆಯ ಹಾಗೆ ಕಾಣುತ್ತಿತ್ತು. ಕಾಲು ಭಾಗದ ಸಸಿ ನೋಡಿದ ಕೂಡಲೇ ಇದು ಅಕ್ಕಡಿಗೇ ತರಿಸಿದ್ದಾರೆ ಎಂದುಕೊಂಡ. ನಾಲ್ಕು ಸಾಲು ಅದು, ಒಂದು ಸಾಲು ಇದು, ಹೀಗೆ ಹಗ್ಗ ಹಿಡಿದು ನೆಟ್ಟ. ಪಾಪಕ್ಕ ಗುಣಿಗೆ ನೀರು ಹೊಯ್ದಳು. ಹದಿನೈದು ದಿನಕ್ಕೆ ಸಾವ್ಕಾರ್ರು ಕಪ್ಪು ಕನ್ನಡಕ ಹಾಕಿಕೊಂಡು ಬರುವ ಹೊತ್ತಿಗೆ ಸಸಿಯೆಲ್ಲ ಚಿಗುರಿದ್ದವು.

“ಲೇ ಓಬಯ್ಯ, ಇದೇನು ಶೇಂಗಾ ಹೊಲನೇನ್ಲೇ, ಅಕ್ಕಡಿ ಹಾಕಾಕೆ?” ಎಂದರು.

“ಒಂದೇ ಇಟ್ರೆ ನೆಲಕ್ಕೆ ಬ್ಯಾಸರ ಆಗ್ತೈತಲ್ಲ ಸಾವ್ಕಾರ್ರೆ,” ಎಂದ ಓಬಯ್ಯ.

ಆಮೇಲೆ ಅವರು ಏನೇನು ಬೈದರೋ ಅದನ್ನು ಇಲ್ಲಿ ಬರೆಯುವುದು ಬೇಡ. ಬೇರು ಬಿಟ್ಟ ಸಸಿ ಕೀಳುವಂತಿರಲಿಲ್ಲ. ಅಂದಿನಿಂದ ಅವನ ಹೆಸರು ಅಕ್ಕಡಿ ಓಬಯ್ಯ ಎಂದಾಯಿತು. ತೋಟದ ಆಳುಗಳು ಅಂದರು, ಚಳ್ಳಕೆರೆಯ ಟೀ ಅಂಗಡಿಯಲ್ಲಿ ಅಂದರು, ಗೊಬ್ಬರದ ಅಂಗಡಿಯ ಸಾಬರೂ ಅಂದರು. ಓಬಯ್ಯ ಎಲ್ಲರ ಮುಂದೆ ನಗುತ್ತಿದ್ದ. ಹಟ್ಟಿಗೆ ಬಂದ ಮೇಲೆ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದುದು ಪಾಪಕ್ಕನಿಗೆ ಮಾತ್ರ ಗೊತ್ತಿತ್ತು. ಮೊದಲ ಫಸಲು ಬಂದಾಗ ವೈನ್ ಕಾರ್ಖಾನೆಯವರು ಬೆರಕೆ ಹಣ್ಣು ಬೇಡ ಎಂದರು. ಹಣ್ಣು ಷರಬತ್ತು ಮಾಡುವವರ ಪಾಲಾಯಿತು. ಲಾರಿ ಹೋದ ಮೇಲೆ ಓಬಯ್ಯ ಸಾಲಿನ ನಡುವೆ ನಿಂತು, ಆ ಕಡೆಯ ಬಳ್ಳಿಯದೊಂದು ಹಣ್ಣು, ಈ ಕಡೆಯದೊಂದು ಹಣ್ಣು ಕಿತ್ತು ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ.

“ಇವೆರಡೂ ಕೂಡಿ ಹೆಂಡ ಆದ್ರೆ ಹೆಂಗಿರ್ತೈತೋ ಏನೋ,” ಎಂದ. ಪಾಪಕ್ಕ ಬೆಚ್ಚಿ ನೋಡಿದಳು. “ಕುಡಿಯಾಕಲ್ಲ ಕಣೇ. ತಿಳ್ಕಣಾಕೆ.”

ಅದೇ ವರ್ಷ ಮಘೆ ಮಳೆಯಲ್ಲಿ, ಎದೆ ಹಿಡಿದುಕೊಂಡು ಚಪ್ಪರದ ಕಲ್ಲಿಗೆ ಒರಗಿ ಕೂತವನು ಏಳಲಿಲ್ಲ.

ಅವನು ಹೋದ ಮೇಲೂ ಪಾಪಕ್ಕ ತೋಟ ಬಿಡಲಿಲ್ಲ. ಹಟ್ಟಿಯಲ್ಲಿ ತೆಲುಗಿನ ಮಾತು, ತೋಟದಲ್ಲಿ ಕನ್ನಡದ ಮಾತು, ಎರಡು ಕಡೆಯೂ ಅವಳು ಆಡುತ್ತಿದ್ದುದು ಕಡಿಮೆ. ಎರಡು ವರ್ಷ ಕಳೆದ ಮೇಲೆ ಸಾವ್ಕಾರ್ರು ಅಕ್ಕಡಿ ಸಾಲುಗಳನ್ನು ಬುಡಸಮೇತ ಕೀಳಿಸಬೇಕೆಂದಿದ್ದಾಗ ದೀಪಿಕಾ ಬಂದಳು. ಚಳ್ಳಕೆರೆಯಲ್ಲೇ ಬೆಳೆದ ಹುಡುಗಿ, ಪುಣೆಯ ಕಡೆ ವೈನು ಮಾಡುವ ವಿದ್ಯೆ ಕಲಿತು, ಬೆಂಗಳೂರು ದಾರಿಯ ಒಂದು ವೈನ್ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದಳು. ಒಂದು ವರ್ಷ ತಡೀರಿ ದೊಡ್ಡಪ್ಪ ಎಂದು ಕೇಳಿಕೊಂಡಳು.

ಯಾವ ಬಳ್ಳಿ ಯಾವ ಜಾತಿಯದೆಂದು ಅವಳಿಗೆ ತೋರಿಸಿಕೊಟ್ಟವಳು ಪಾಪಕ್ಕ. ಎಲೆಯ ಸೀಳುಗಳು ಒಂದರ ಮೇಲೊಂದು ಕೂತು ನಡುವೆ ತೂತು ಬಿದ್ದಂತೆ ಕಾಣುವುದಕ್ಕೆ ಅವಳು ತೂತೆಲೆಯದು ಎನ್ನುತ್ತಿದ್ದಳು. ಅದರ ಹಣ್ಣು ಗುಂಡಗೆ, ಸಣ್ಣದು, ಸಿಪ್ಪೆ ದಪ್ಪ, ಬೀಜವೇ ಹೆಚ್ಚು. ಇನ್ನೊಂದರ ಎಲೆ ಬಿಚ್ಚಿದ ಅಂಗೈ ಹಾಗೆ, ಹಣ್ಣು ಕೊಂಚ ಉದ್ದ, ಗೊಂಚಲು ಸಡಿಲ. ಅದು ಅಂಗೈ ಎಲೆಯದು. ಎಲೆ ಉದುರಿದಾಗಲೂ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿ ಹೇಳಿಬಿಡುತ್ತಿದ್ದಳು. ದೀಪಿಕಾ ತನ್ನ ಪುಸ್ತಕದ ಹೆಸರು ಹೇಳಿದಳು: ಅಕ್ಕಡಿ ಸಾಲಿನ ತೂತೆಲೆಯದು ಕ್ಯಾಬರ್ನೆ, ನಾಲ್ಕು ಸಾಲಿನ ಅಂಗೈ ಎಲೆಯದು ಶಿರಾಜ್.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಾಗ, ಇವುಗಳ ತವರು ಯಾವುದು ಎಂದು ಪಾಪಕ್ಕ ಕೇಳಿದಳು. ಎರಡರದೂ ಫ್ರಾನ್ಸ್ ದೇಶ ಎಂದಳು ದೀಪಿಕಾ. ಶಿರಾಜ್ ಎಂಬ ಹೆಸರಿನ ಊರು ಇರಾನಿನಲ್ಲೂ ಇದೆ, ಅಲ್ಲಿಂದಲೇ ಬಂತೆಂದು ಬಹಳ ಕಾಲ ಹೇಳುತ್ತಿದ್ದರಂತೆ. ಆಮೇಲೆ ಗಿಡದ ರಕ್ತ ಪರೀಕ್ಷೆ ಮಾಡಿದ ಹಾಗೆ ಮಾಡಿ ನೋಡಿದರೆ, ಅದು ಫ್ರಾನ್ಸಿನ ರೋನ್ ಎಂಬ ಹೊಳೆಯ ಪಕ್ಕದ ಬೆಟ್ಟದ ಸೀಮೆಯದು. ಕ್ಯಾಬರ್ನೆ ಸಮುದ್ರದ ಹತ್ತಿರದ ಬೋರ್ಡೋ ಸೀಮೆಯದು, ಹೊಳೆ ತಂದು ಹಾಕಿದ ನೊರಜುಗಲ್ಲಿನ ನೆಲದ್ದು. ಅದರ ತಂದೆತಾಯಿ ಒಂದು ಕಪ್ಪು ದ್ರಾಕ್ಷಿ, ಒಂದು ಬಿಳಿ ದ್ರಾಕ್ಷಿ. ಯಾರೂ ಬೇಕೆಂದು ಕೂಡಿಸಿದ್ದಲ್ಲ, ಯಾವುದೋ ಹಳೆಯ ತೋಟದಲ್ಲಿ ತಾವೇ ಕೂಡಿ ಹುಟ್ಟಿದ್ದು.

ಪಾಪಕ್ಕ ತುತ್ತು ಹಾಗೇ ಹಿಡಿದು ಕೇಳಿದಳು.

“ಕರೇದೂ ಬಿಳೇದೂ ಪಕ್ಕಪಕ್ಕ ಇದ್ದುದಕ್ಕೇ ಅಲ್ವಾ ಕೂಡಿದ್ದು? ಹಂಗಾದ್ರೆ ಅಲ್ಲೂ ಯಾರೋ ಒಬ್ಬ ಓಬಯ್ಯ ಇದ್ದ ಅನ್ನು.”

ದೀಪಿಕಾ ನಕ್ಕಳು. ನಕ್ಕವಳು ಸಾಲುಗಳ ಕಡೆ ನೋಡುತ್ತ ಕೂತಳು. ಕ್ಯಾಬರ್ನೆ ಒಂದರಿಂದಲೇ ಮಾಡಿದ ವೈನಿಗೆ ನಡುವೆ ಒಂದು ಟೊಳ್ಳು ಇರುತ್ತದೆ, ಮೊದಲೂ ಕೊನೆಯೂ ಚೆನ್ನಾಗಿದ್ದು ನಡುವೆ ಬರಿದಾಗುತ್ತದೆ, ಆ ಟೊಳ್ಳಿಗೆ ಶಿರಾಜ್ ತುಂಬುವುದು ಆಸ್ಟ್ರೇಲಿಯಾದವರ ರೂಢಿ ಎಂದು ಆಮೇಲೆ ಹೇಳಿದಳು. ಆದರೆ ಅವರು ಬೇರೆ ಬೇರೆ ಬೆಳೆದು, ಬೇರೆ ಬೇರೆ ಹುಳಿಸಿ, ಕೊನೆಗೆ ಅಳೆದು ಬೆರೆಸುತ್ತಾರೆ. ಇಲ್ಲಿ ತೊಡಕಿರುವುದೇ ಬೇರೆ: ಅಂಗೈ ಎಲೆಯದು ಬೇಗ ಹಣ್ಣಾಗುತ್ತದೆ, ತೂತೆಲೆಯದು ತಡ. ಒಟ್ಟಿಗೆ ಕೊಯ್ದರೆ ಒಂದು ಹಣ್ಣು, ಒಂದು ಕಾಯಿ.

ಇಷ್ಟೇನಾ ಎಂದಳು ಪಾಪಕ್ಕ. ಶೇಂಗಾ ಹೊಲದಲ್ಲೂ ತೊಗರಿ ತಡವಾಗಿಯೇ ಬರುವುದು, ಅದಕ್ಕೆ ತಕ್ಕ ಲೆಕ್ಕ ಇದ್ದೇ ಇರುತ್ತದೆ. ಆ ವರ್ಷ ಬಳ್ಳಿ ಸವರುವ ಕಾಲ ಬಂದಾಗ ಅವಳು ತೂತೆಲೆಯ ಸಾಲುಗಳನ್ನು ಹನ್ನೆರಡು ದಿನ ಮುಂಚೆಯೇ ಸವರಿದಳು. ಮುಂಚೆ ಸವರಿದ್ದು ಮುಂಚೆ ಚಿಗುರಿತು, ಮುಂಚೆ ಹೂವಾಯಿತು. ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಎರಡೂ ಒಂದೇ ವಾರಕ್ಕೆ ಹಣ್ಣಾದವು. ದೀಪಿಕಾ ಎಲ್ಲವನ್ನೂ ಒಂದೇ ದಿನ ಕೊಯ್ಯಿಸಿ, ಒಂದೇ ತೊಟ್ಟಿಗೆ ಹಾಕಿ ಹುಳಿಸಿ, ಒಂದು ವರ್ಷ ಮರದ ಪೀಪಾಯಿಯಲ್ಲಿ ಮಲಗಿಸಿದಳು. ಈಗ ಟವೆಲ್ಲಿನಲ್ಲಿ ಸುತ್ತಿ ತಂದದ್ದು ಅದನ್ನೇ.

ಅವತ್ತು ಸಂಜೆ ಪಾಪಕ್ಕ ಸೀದಾ ಬಾವ ಕಾಮಣ್ಣನ ಮನೆ ಮುಂದೆ ಹೋಗಿ ನಿಂತಳು. ಓಬಯ್ಯನ ಅಣ್ಣ, ಹಟ್ಟಿಯ ಕಟ್ಟಿನ ಮಾತಿಗೆ ಹಿರಿಯ. ಮುದುಕ ಎತ್ತಿನ ಕೊರಳಿಗೆ ಹಗ್ಗ ಹೊಸೆಯುತ್ತಿದ್ದ. ಅವಳು ಸುತ್ತಿಬಳಸದೆ ಕೇಳಿದಳು.

“ಬಾವ, ನಿಮ್ ತಮ್ಮ ನೆಟ್ಟ ಹಣ್ಣಿನ ಹೆಂಡ ಬಂದೈತೆ. ಮೂಸಿ ನೋಡಿದ್ರೆ ತಪ್ಪಾ?”

ಕಾಮಣ್ಣ ಹಗ್ಗದ ಎಳೆ ಮೂರು ಸುತ್ತು ತಿರುವಿದ.

“ಕಟ್ಟು ಬಾಯಿಗೈತೆ. ಮೂಗಿಗೆ ಯಾರೂ ಕಟ್ಟು ಮಾಡಿಲ್ಲ,” ಎಂದ. ಅವಳು ಹೊರಟಾಗ ಹಿಂದಿನಿಂದ ಕೂಗಿ ಹೇಳಿದ: “ಹಂಗಂತ ಮೂಗಿನಾಗೆ ಕುಡಿಯಬ್ಯಾಡ.”

ಮಾರನೆಯ ದಿನ ಮೋಟಾರು ಮನೆಯಲ್ಲಿ ದೀಪಿಕಾ ಸೀಸೆಯ ಬಿರಡೆ ತೆಗೆದಳು. ಗಾಜಿನ ಲೋಟಕ್ಕೆ ಬಗ್ಗಿಸಿದಾಗ ಬಾಗಿಲಿನ ಬೆಳಕಿಗೆ ಅದು ಅಂಚಿನಲ್ಲಿ ಕೆಂಪಗೆ, ನಡುವೆ ಕತ್ತಲೆಯಾಗಿ ಕಂಡಿತು. ಪಾಪಕ್ಕ ಲೋಟ ಹಿಡಿದು ಮೂಗಿನ ಹತ್ತಿರ ತಂದಳು. ಹೆಂಡದಂಗಡಿಯ ಮುಂದೆ ಹಾಯುವಾಗ ಬರುವ ನಾತ ಬರುತ್ತದೆಂದು ಉಸಿರು ಬಿಗಿ ಹಿಡಿದಿದ್ದಳು. ಆ ನಾತ ಬರಲಿಲ್ಲ. ಬಂದದ್ದು ಹಣ್ಣಿನದು, ಅದರ ಹಿಂದೆ ಮೆಣಸಿನದು, ಅದರ ಹಿಂದೆ ಕಟ್ಟಿಗೆ ಸುಟ್ಟದ್ದು. ಪೀಪಾಯಿಯ ಒಳಗಡೆ ಬೆಂಕಿ ತೋರಿಸಿರುತ್ತಾರೆ, ಅದರ ವಾಸನೆ ಅದು ಎಂದಳು ದೀಪಿಕಾ. ಎರಡು ಉಸಿರಿಗೆ ಸಿಕ್ಕದ್ದು ಮೂರನೆಯದಕ್ಕೆ ಜಾರಿಹೋಯಿತು. ಬಾಗಿಲಲ್ಲಿ ಯಾರನ್ನೋ ಕಂಡು ಎದ್ದು ಹೋಗುವುದರೊಳಗೆ ಅವರು ಬೇಲಿ ದಾಟಿ ಹೋದಂತೆ ಆಯಿತು ಪಾಪಕ್ಕನಿಗೆ.

ದೀಪಿಕಾ ಒಂದು ಗುಟುಕು ಬಾಯಿಗೆ ತೆಗೆದುಕೊಂಡಳು. ಬಾಯೊಳಗೆ ಆಡಿಸಿ, ಗಾಳಿ ಎಳೆದು, ಪಕ್ಕದ ಬಕೀಟಿಗೆ ಉಗುಳಿದಳು.

ಪಾಪಕ್ಕನ ಮುಖ ಕಳೆಗುಂದಿತು. “ಉಗುಳಿಬಿಟ್ಯಲ್ಲ ತಾಯಿ,” ಎಂದಳು.

ದಿನಕ್ಕೆ ಇಪ್ಪತ್ತು ಪೀಪಾಯಿ ರುಚಿ ನೋಡುವ ಕೆಲಸ, ನುಂಗುತ್ತ ಕೂತರೆ ಮನೆ ಸೇರಲಾಗುವುದಿಲ್ಲ, ಕಲಿಸುವುದೇ ಹೀಗೆ ಎಂದು ದೀಪಿಕಾ ತಿಳಿಹೇಳಿದಳು. ಪಾಪಕ್ಕ ತಲೆಯಾಡಿಸಿದಳು, ಆದರೆ ಬಕೀಟಿನ ಕಡೆ ಮತ್ತೆ ನೋಡಲಿಲ್ಲ. ಹೆಂಗೈತೆ ಹೇಳು ಎಂದು ಕೇಳಿದಳು. ದೀಪಿಕಾ ನೋಟ್‌ಬುಕ್ ತೆಗೆದು, ಸೀಸೆಯ ಚೀಟಿಗೆಂದು ಬರೆದುಕೊಂಡಿದ್ದನ್ನು ಓದಿದಳು. ಬ್ಲ್ಯಾಕ್‌ಬೆರ್ರಿ, ಪ್ಲಮ್ಮು, ಸೀಡರ್ ಮರ.

“ನನಗೆ ಅವ್ಯಾವೂ ಗೊತ್ತಿಲ್ಲ. ನನ್ ಬಾಯಿಗೆ ಗೊತ್ತಿರೋದು ಹೇಳು.”

ದೀಪಿಕಾ ನೋಟ್‌ಬುಕ್ ಮುಚ್ಚಿದಳು. ಬ್ಲ್ಯಾಕ್‌ಬೆರ್ರಿಯನ್ನು ತಾನೂ ಕಣ್ಣಲ್ಲಿ ಕಂಡಿಲ್ಲ, ಕಾಲೇಜಿನಲ್ಲಿ ಸಣ್ಣ ಸೀಸೆಯಲ್ಲಿ ಅದರ ವಾಸನೆ ಮೂಸಿಸಿ ಬಾಯಿಪಾಠ ಮಾಡಿಸಿದ್ದು ಎಂದು ಒಪ್ಪಿಕೊಂಡಳು. ಇನ್ನೊಂದು ಗುಟುಕು ತೆಗೆದುಕೊಂಡು ಕಣ್ಣು ಮುಚ್ಚಿ ಯೋಚಿಸಿದಳು. ನೇರಳೆ ಹಣ್ಣು ಇರಬಹುದು, ಎಂದಳು. ಅದರ ಪಕ್ಕ ಇನ್ನೊಂದು ಐತೆ, ಕಪ್ಪಗೆ, ಹುಳಿ, ಒಗರು. ಚಿಕ್ಕವಳಿದ್ದಾಗ ಮೊಳಕಾಲ್ಮೂರಿನ ಗುಡ್ಡದಿಂದ ಎಲೆಯ ದೊನ್ನೆಯಲ್ಲಿ ಮಾರಲು ತರುತ್ತಿದ್ದರು.

“ಕವಳೆ ಹಣ್ಣು,” ಎಂದಳು ಪಾಪಕ್ಕ.

ನೇರಳೆ ನನ್ನಿವಾಳದ ಹಳ್ಳದ ದಂಡೆಯಲ್ಲೇ ಸಿಕ್ಕಿತು. ಕವಳೆ ಮಾತ್ರ ಈ ಕಡೆ ಸಿಗಲಿಲ್ಲ. ಪಾಪಕ್ಕ ವರವು ಕಾವಲ್ ಎಂಬ ಹುಲ್ಲುಗಾವಲಿನ ಪೊದೆಯಲ್ಲಿ ಹುಡುಕಿದಳು, ದನ ಕಾಯುವವರು ಆಗಲೇ ಕಿತ್ತು ತಿಂದಿದ್ದರು. ಮಾರನೆಯ ಬೆಳಿಗ್ಗೆ ಚಳ್ಳಕೆರೆಗೆ ಹೋಗಿ ಬಸ್ಸು ಹಿಡಿದು ಕೊಂಡ್ಲಹಳ್ಳಿಯಲ್ಲಿ ಇಳಿದಳು. ಅಲ್ಲಿ ತಂಗಿ ಯರ್ರಮ್ಮನ ಮನೆ. ಯರ್ರಮ್ಮ ರೇಷ್ಮೆ ನೂಲು ಸುತ್ತುವ ರಾಟೆ ನಿಲ್ಲಿಸಿ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹುಳಿ ಹಣ್ಣು ಹುಡುಕ್ಕೊಂಡು ಬಸ್ಸಿನಾಗೆ ಬಂದೀಯ. ಈ ವಯಸ್ಸಿನಾಗೆ ಎಷ್ಟು ತಿಂಗಳೇ ಅಕ್ಕ?”

ಪಾಪಕ್ಕನೂ ನಕ್ಕಳು. ಓಬಯ್ಯ ಹೋದ ಮೇಲೆ ಅಕ್ಕ ಹೀಗೆ ಬಾಯಿ ಬಿಟ್ಟು ನಕ್ಕಿದ್ದನ್ನು ಯರ್ರಮ್ಮ ಕಂಡಿರಲಿಲ್ಲ. ಮತ್ತೇನೂ ಕೇಳದೆ ಸೆರಗು ಕಟ್ಟಿಕೊಂಡು ಗುಡ್ಡಕ್ಕೆ ಹೊರಟಳು. ಇಬ್ಬರೂ ಮುಳ್ಳಿಗೆ ಕೈ ಕೊಟ್ಟು, ಬೆರಳೆಲ್ಲ ಹಾಲಿನ ಅಂಟು ಮಾಡಿಕೊಂಡು, ಒಂದು ಸೇರು ಕವಳೆ ಕಿತ್ತರು.

ಮೂರನೆಯ ದಿನ ಮೋಟಾರು ಮನೆಯ ಕಟ್ಟೆಯ ಮೇಲೆ ಮುತ್ತುಗದ ಎಲೆ ಹಾಸಿ ಪಾಪಕ್ಕ ಎಲ್ಲವನ್ನೂ ಇಟ್ಟಳು. ನೇರಳೆ, ಕವಳೆ, ನಾಲ್ಕು ಕಾಳು ಮೆಣಸು, ಒಂದು ಕಡೆ ಸುಟ್ಟ ಜಾಲಿ ಕಡ್ಡಿ. ದೀಪಿಕಾ ವೈನು ಬಾಯಲ್ಲಿಟ್ಟು ನೋಡುವುದು, ಉಗುಳುವುದು, ಹಣ್ಣು ತಿನ್ನುವುದು, ಮತ್ತೆ ವೈನು. ನೇರಳೆ ಹೆಚ್ಚು ಬೇಕು ಎಂದಳು. ಮೆಣಸು ಕಾಳಿನ ಚೂರು ಸಾಕು ಎಂದಳು. ಕವಳೆ ತೀರಾ ಹಣ್ಣಾದದ್ದು ಬೇಡ, ಒಂದೀಟು ಗಟ್ಟಿ ಇರುವುದು ಎಂದಳು. ಅವಳು ಹೇಳಿದಂತೆ ಪಾಪಕ್ಕ ಆರಿಸಿ ಆರಿಸಿ, ಎಲ್ಲವನ್ನೂ ಕೂಡಿಸಿ ಬಾಯಿಗೆ ಹಾಕಿಕೊಂಡಳು. ಸುಟ್ಟ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. ನಾಲಿಗೆ ನೀಲಿಯಾಯಿತು.

“ಹಿಂಗೇನಾ?”

“ಹತ್ರ ಐತೆ ಪಾಪಕ್ಕ. ಆದ್ರೆ ಇದು ಸಿಹಿ. ಅದು ಸಿಹಿ ಇಲ್ಲ.”

ಪಾಪಕ್ಕ ಕಣ್ಣು ತೆರೆದಳು. ಅಷ್ಟು ಸಿಹಿ ಹಣ್ಣಿನ ಹೆಂಡ ಸಿಹಿ ಇಲ್ಲವೆಂದರೆ ಅವಳಿಗೆ ನಂಬಿಕೆ ಬರಲಿಲ್ಲ. ಸಿಹಿಯೆಲ್ಲ ಹುಳಿಯುವಾಗ ಹೋಗಿಬಿಡುತ್ತದೆ, ಹಣ್ಣಿನ ಸೊಗಡು ಉಳಿಯುತ್ತದೆ ಎಂದು ದೀಪಿಕಾ ವಿವರಿಸಿದಳು. ಸಿಹಿಯಿಲ್ಲದ ನೇರಳೆ ಎಲ್ಲಿ ಸಿಗಬೇಕು? ಕಾಯಿ ತಿಂದು ನೋಡಿದಳು, ಬರೀ ಒಗರು. ಹಣ್ಣಿನ ಸಿಪ್ಪೆ ಸುಲಿದು ಅದನ್ನಷ್ಟೇ ಅಗಿದಳು, ಆಗಲೂ ಸಿಹಿ ಬಂತು. ಆ ರುಚಿಯ ಬಾಗಿಲವರೆಗೆ ಬಂದಿದ್ದಳು, ಒಳಗೆ ಹೋಗಲಾಗಲಿಲ್ಲ.

ಅಷ್ಟರಲ್ಲಿ ಸರ್ವಮಂಗಳಮ್ಮ ಕರೆದರೆಂದು ದೀಪಿಕಾ ಎದ್ದು ಹೋದಳು. ಪಾಪಕ್ಕ ಒಬ್ಬಳೇ ಉಳಿದಳು. ಲೋಟ ಕಟ್ಟೆಯ ಮೇಲೆಯೇ ಇತ್ತು, ಕಾಲು ಭಾಗ ತುಂಬಿ. ಹೊರಗೆ ಆಳುಗಳು ಯಾರೂ ಇರಲಿಲ್ಲ, ನೀರಿನ ಸರದಿಗೆ ಕೆಳಗಿನ ಹೊಲಕ್ಕೆ ಹೋಗಿದ್ದರು. ಅವಳು ಲೋಟ ಎತ್ತಿಕೊಂಡಳು. ತುಟಿಗೆ ಎರಡು ಬೆರಳಿನಷ್ಟು ದೂರದಲ್ಲಿ ಕೈ ನಿಂತಿತು. ಕಾಮಣ್ಣನ ಭಯವಲ್ಲ. ಕಟ್ಟು ಮುರಿದವರನ್ನು ಶುದ್ಧ ಮಾಡಿ ಒಳಗೆ ಕರೆದುಕೊಳ್ಳುವುದೂ ಹಟ್ಟಿಯಲ್ಲಿ ಇತ್ತು, ಅವಳು ಕಂಡಿದ್ದಳು. ನಿಂತದ್ದು ಬೇರೆಯದಕ್ಕೆ. ಓಬಯ್ಯನಿಗೆ ಇದು ಗೊತ್ತಾಗಲಿಲ್ಲ. ಇವತ್ತು ತಾನು ಕುಡಿದು ತಿಳಿದುಕೊಂಡರೆ, ಅವನನ್ನು ಸಾಲಿನ ನಡುವೆ ನಿಲ್ಲಿಸಿ, ತಾನೊಬ್ಬಳೇ ಮುಂದೆ ನಡೆದಂತೆ. ಹದಿನಾರು ವರ್ಷಕ್ಕೆ ಅವನ ಹಿಂದೆ ಈ ಸೀಮೆಗೆ ಬಂದವಳು, ಒಂದು ದಿನವೂ ಅವನಿಗಿಂತ ಮುಂದೆ ನಡೆದವಳಲ್ಲ. ತಿಳಿಯಬೇಕು, ಬಿಟ್ಟು ಹೋಗಬಾರದು. ಎರಡಕ್ಕೂ ದಾರಿ ಕಾಣದೆ ಲೋಟವನ್ನು ಇದ್ದ ಜಾಗದಲ್ಲೇ, ತೇವದ ಗುರುತಿನ ಮೇಲೆಯೇ ಇಟ್ಟಳು.

ದೀಪಿಕಾ ವಾಪಸು ಬಂದಾಗ ಪಾಪಕ್ಕ ಎಲೆ ಮಡಿಸುತ್ತಿದ್ದಳು.

“ಬರೀ ಬಾಯಿಗೆ ಹಾಕ್ಕೊಂಡು ಉಗುಳಿದ್ರೆ ಯಾವುದು ತಾನೇ ಗೊತ್ತಾಗ್ತೈತೆ ತಾಯಿ? ಉಣ್ಣೋವಾಗ ಹೆಂಗಿರ್ತೈತೆ ನೋಡಿ ಹೇಳು. ನಾನು ಅಡಿಗೆ ಮಾಡ್ತೀನಿ.”

ಇಂಥ ವೈನಿಗೆ ಕುರಿ ಬಾಡು ಸರಿಯಾದ ಜೋಡಿ, ಬಾಡಿನ ಕೊಬ್ಬು ವೈನಿನ ಒಗರನ್ನು ಮೆತ್ತಗೆ ಮಾಡುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ ಎಂದಳು ದೀಪಿಕಾ. ಆದರೆ ಅವಳು ಬಾಡು ತಿನ್ನುವವಳಲ್ಲ. ಪಾಪಕ್ಕನಿಗೆ ಅದು ಮೋಜಾಗಿ ಕಂಡಿತು. “ಬಾಡು ತಿನ್ನೋ ಬಾಯಿಗೆ ಇದಿಲ್ಲ, ಇದು ಕುಡಿಯೋ ಬಾಯಿಗೆ ಬಾಡಿಲ್ಲ. ಒಳ್ಳೆ ಜೋಡಿ ನಾವು,” ಎಂದಳು. ಕೊಬ್ಬೇ ಬೇಕಾದರೆ ಹುಚ್ಚೆಳ್ಳಿನಲ್ಲೂ ಇದೆ, ಶೇಂಗಾದಲ್ಲೂ ಇದೆ, ನೋಡೋಣ ಎಂದಳು.

ಮೊದಲ ದಿನ ಕೆಟ್ಟಿತು. ಹುರುಳಿ ಬಸ್ಸಾರು ಮಾಡಿ, ಹಟ್ಟಿಯ ಅಳತೆಗೆ ಖಾರ ಹಾಕಿದ್ದಳು. ಎರಡು ತುತ್ತು ಉಂಡು ವೈನು ಬಾಯಿಗಿಟ್ಟ ದೀಪಿಕಾಳ ಕಣ್ಣಲ್ಲಿ ನೀರು ಬಂತು. ಖಾರದ ಮೇಲೆ ವೈನು ಬಿದ್ದರೆ ಬೆಂಕಿಗೆ ಸೀಮೆಎಣ್ಣೆ ಹಾಕಿದಂತೆ, ಹಣ್ಣಿನ ರುಚಿಯೆಲ್ಲ ಸುಟ್ಟುಹೋಗುತ್ತದೆ ಎಂದಳು. ಅರ್ಧ ಖಾರದ ಅಡಿಗೆ ಪಾಪಕ್ಕನ ಲೆಕ್ಕದಲ್ಲಿ ಬಾಣಂತಿಯರ ಅಡಿಗೆ. ಆದರೂ ಮರುದಿನ ಮಧ್ಯಾಹ್ನಕ್ಕೆ ಬೇರೆಯದೇ ಮಾಡಿದಳು. ಬದನೆಕಾಯಿಯನ್ನು ಕೆಂಡದಲ್ಲಿ ಕಪ್ಪಗಾಗುವಂತೆ ಸುಟ್ಟು, ಸಿಪ್ಪೆ ತೆಗೆದು, ಬೆಳ್ಳುಳ್ಳಿ, ಉಪ್ಪು, ಹುರಿದ ಶೇಂಗಾ ಹಾಕಿ ಕಿವುಚಿದಳು. ಹುಚ್ಚೆಳ್ಳು ಹುರಿದು ಕುಟ್ಟಿದ ಪುಡಿಗೆ ಎಣ್ಣೆ ಬಿಟ್ಟಳು. ಬಿಸಿ ಸಜ್ಜೆ ರೊಟ್ಟಿ ತಟ್ಟಿದಳು. ಎಲ್ಲವನ್ನೂ ಬಟ್ಟೆಯಲ್ಲಿ ಮುಚ್ಚಿ ಮೋಟಾರು ಮನೆಗೆ ತಂದಳು.

ದೀಪಿಕಾ ರೊಟ್ಟಿ ಮುರಿದು ಬದನೆಕಾಯಿ ಹಚ್ಚಿ, ಹುಚ್ಚೆಳ್ಳು ಅದ್ದಿ ತಿಂದಳು. ಲೋಟ ಎತ್ತಿದಳು. ಬಾಯಲ್ಲಿ ಇಟ್ಟುಕೊಂಡು ಅಭ್ಯಾಸದಂತೆ ಬಕೀಟಿನ ಕಡೆ ತಿರುಗಿದವಳು ಪಾಪಕ್ಕನ ಮುಖ ನೋಡಿದಳು. ಪಾಪಕ್ಕ ಮುಂದಕ್ಕೆ ಬಾಗಿ ಕೂತು ಹುಡುಗಿಯ ಗಂಟಲನ್ನೇ ನೋಡುತ್ತಿದ್ದಳು. ದೀಪಿಕಾ ನುಂಗಿದಳು.

ಲೋಟವನ್ನು ಕಟ್ಟೆಯ ಮೇಲೆ ಇಟ್ಟಳು.

“ಕೂಡ್ತೈತಾ?” ಎಂದಳು ಪಾಪಕ್ಕ.

“ಕೂಡ್ತೈತೆ. ಸುಟ್ಟ ವಾಸನೆಗೆ ಸುಟ್ಟ ವಾಸನೆ ಸೇರ್ತು. ಮೊದ್ಲು ಅಂಗೈ ಎಲೆಯದು ಬಂತು, ನೇರಳೆ ಹಂಗೆ, ಬಾಯಿ ತುಂಬಾ. ಆಮ್ಯಾಲೆ ತೂತೆಲೆಯದು ಕೆಳಗಿಂದ ಎದ್ದು ಬಂತು.”

“ಅದು ಇಲ್ಲದಿದ್ರೆ?”

“ಅದು ಇಲ್ಲದಿದ್ರೆ ಇಷ್ಟೊತ್ತಿಗೆ ಮುಗೀತಿತ್ತು ಪಾಪಕ್ಕ. ಅದು ಹಿಡ್ಕೊಂಡೈತೆ. ದೊಡ್ಡಪ್ಪ ಕೀಳಿಸಿಬಿಟ್ಟಿದ್ರೆ ಇದು ಇರ್ತಿರಲಿಲ್ಲ.”

ಪಾಪಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಹೊರಗೆ ಬಳ್ಳಿಯ ಸಾಲುಗಳ ಮೇಲೆ ಗಾಳಿ ಹಾಯ್ದು ಎಲೆಗಳು ಬಿಳುಪು ಬೆನ್ನು ತೋರಿಸಿ ತಿರುಗಿದವು.

“ಈಗ ಹೋಯ್ತಾ?” ಎಂದು ಕೇಳಿದಳು.

“ಇಲ್ಲ. ಐತೆ.”

ದೀಪಿಕಾ ಬಾಯಿ ಮುಚ್ಚಿಕೊಂಡು, ನಾಲಿಗೆಯನ್ನು ಅಲ್ಲಾಡಿಸದೆ, ಒಳಗೆ ಏನೋ ಕೇಳಿಸಿಕೊಳ್ಳುವವಳಂತೆ ಕೂತಿದ್ದಳು. ಪಾಪಕ್ಕ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಈಗ?”

“ಐತೆ. ಸಣ್ಣಗಾಗೈತೆ. ಆದ್ರೆ ಐತೆ.”

ಸ್ವಲ್ಪ ಹೊತ್ತಾದ ಮೇಲೆ, ಅಭ್ಯಾಸ ಬಲದಿಂದ ದೀಪಿಕಾಳ ಕೈ ನೀರಿನ ಚೊಂಬಿನ ಕಡೆ ಹೋಯಿತು. ಪಾಪಕ್ಕ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಸಾವ್ಕಾರ್ರ ಮನೆಯ ಹೆಣ್ಣುಮಗಳ ಕೈಯನ್ನು ಅವಳು ಹಾಗೆ ಹಿಡಿದದ್ದು ಅದೇ ಮೊದಲು.

“ನೀರು ಕುಡೀಬ್ಯಾಡ ತಾಯಿ,” ಎಂದಳು. “ಇನ್ನೊಂದೀಟು ಹೊತ್ತು.”